ಹೃದಯಕ್ಕೂ ಒಂದು ದಿನ ಗೊತ್ತು ಮಾಡೋಣ

ತಿಂಗಳ ಮೊದಲ ಶುಕ್ರವಾರದ ಮಹತ್ವವನ್ನು ಕಥೋಲಿಕ ಕುಟುಂಬಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಫ್ರಾನ್ಸ್ ದೇಶದ ಪಾರೆ-ಲೆ-ಮೊನಿಯಾಲ್ ಎಂಬ ಊರಿನ ಕನ್ಯಾಮಠದಲ್ಲಿ 1673ರಿಂದ 1675ರವರೆಗೆ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ ಯೇಸುಸ್ವಾಮಿ ತಮ್ಮ ಪವಿತ್ರ ಹೃದಯವನ್ನು ಪ್ರಕಟಪಡಿಸಿದರು. ಆ ಹೃದಯದ ಗೌರವಾರ್ಥವಾಗಿ ಮೊದಲ ಶುಕ್ರವಾರಗಳಂದು ಪರಮಪ್ರಸಾದ ಸ್ವೀಕರಿಸುವ ಭಕ್ತಿ ಅಲ್ಲಿಂದ ಲೋಕವೆಲ್ಲ ಹರಡಿತು. 1856ರಲ್ಲಿ ಜಗದ್ಗುರು ಒಂಬತ್ತನೇ ಪಿಯುಸ್ ಅವರು ಪವಿತ್ರ ಹೃದಯದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ನಮ್ಮ ಮನೆಗಳ ಗೋಡೆಯ ಮೇಲೆ, ಪುಟ್ಟ ಕೆಂಪು ದೀಪದ ಹಿಂದೆ, ಆ ಹೃದಯದ ಚಿತ್ರ ಇಂದಿಗೂ ಇದೆ.

ಅಮೆರಿಕ ದೇಶದಲ್ಲಿ ಫೆಬ್ರವರಿಯ ಮೊದಲ ಶುಕ್ರವಾರ ಇನ್ನೊಂದು ಬಗೆಯ ಹೃದಯದ ದಿನವೂ ಹೌದು. ಅಂದು ಸಾವಿರಾರು ಜನ ಕೆಂಪು ಉಡುಪು ಧರಿಸುತ್ತಾರೆ. ಎದೆಯೊಳಗೆ ಹಗಲಿರುಳೂ ಬಡಿಯುವ ಈ ಮಾಂಸದ ಹೃದಯವನ್ನು, ಅದರಲ್ಲೂ ಹೆಂಗಸರ ಹೃದಯವನ್ನು, ನೆನಪಿಸುವ ದಿನ ಅದು. ಅಲ್ಲಿ 1964ರಿಂದಲೂ ಫೆಬ್ರವರಿಯನ್ನು ಹೃದಯದ ತಿಂಗಳೆಂದು ಆಚರಿಸುತ್ತ ಬಂದಿದ್ದಾರೆ. ಅದನ್ನು ಸಾರಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವತಃ 1955ರಲ್ಲಿ ಹೃದಯಾಘಾತದಿಂದ ಬದುಕಿ ಉಳಿದವರು. ಹೆಂಗಸರ ಹೃದ್ರೋಗದ ಗುರುತಾಗಿ ಕೆಂಪು ಉಡುಪನ್ನು ಅಲ್ಲಿನ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ 2002ರಲ್ಲಿ ಆರಿಸಿಕೊಂಡಿತು.

ಈ ದಿನವನ್ನು ಶ್ರದ್ಧೆಯಿಂದ ಆಚರಿಸುವವರಲ್ಲಿ ದಾದಿಯರ ಒಂದು ಗೌರವ ಸಂಘದ ಶಾಖೆಗಳೂ ಸೇರಿವೆ. ಅವರ ಕೆಲಸವನ್ನು ನೋಡಿದಾಗ ನಂಬಿಕೆಯುಳ್ಳ ಯಾರ ಮನಸ್ಸಿನಲ್ಲೂ ಒಂದು ಪ್ರಶ್ನೆ ಏಳುವುದು ಸಹಜ. ಕಾಲಕ್ಕೊಂದರಂತೆ, ಕ್ಯಾಲೆಂಡರ್ ನೋಡಿ ಮಾಡುವ ಸೇವೆ ನಿಜವಾದ ಪ್ರೀತಿಯೇ? ಪ್ರೀತಿಗೆ ದಿನ ಗೊತ್ತು ಮಾಡಬಹುದೇ?

ಗೌರವವೆಂಬ ಸಾಲ

1922ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ದಾದಿಯರ ತರಬೇತಿ ಶಾಲೆಯಲ್ಲಿ ಆರು ಮಂದಿ ವಿದ್ಯಾರ್ಥಿನಿಯರು ಸೇರಿ ಈ ಸಂಘವನ್ನು ಕಟ್ಟಿದರು. ದಾದಿಯ ಕೆಲಸವೆಂದರೆ ಹೇಳಿದಷ್ಟು ಮಾಡುವ ಚಾಕರಿ ಎಂದೇ ಬಹುಮಂದಿ ಭಾವಿಸಿದ್ದ ಕಾಲ ಅದು. ಈ ಕೆಲಸಕ್ಕೆ ವಿದ್ಯೆ ಬೇಕು, ವಿದ್ಯೆಗೆ ಮನ್ನಣೆ ಬೇಕು ಎಂಬುದು ಆ ಆರು ಮಂದಿಯ ಹಂಬಲ. ಅವರು ಇಟ್ಟ ಹೆಸರು ಸಿಗ್ಮಾ ಥೀಟಾ ಟೌ. ಇವು ಮೂರು ಗ್ರೀಕ್ ಪದಗಳ ಮೊದಲ ಅಕ್ಷರಗಳು: ಸ್ಟೋರ್ಗೆ ಎಂದರೆ ಪ್ರೀತಿ, ಥಾರ್ಸೋಸ್ ಎಂದರೆ ಧೈರ್ಯ, ತಿಮೆ ಎಂದರೆ ಗೌರವ. ಇಂದು ಅನೇಕ ದೇಶಗಳಲ್ಲಿ ಸದಸ್ಯರಿರುವ ಸಂಘ ಇದು. ಕಥೋಲಿಕ ವಿದ್ಯಾಸಂಸ್ಥೆಗಳಲ್ಲೂ ಇದರ ಶಾಖೆಗಳಿವೆ. ಯೇಸುಸಭೆಯವರ ಬೋಸ್ಟನ್ ಕಾಲೇಜಿನಲ್ಲಿ ಆಲ್ಫಾ ಕೈ, ಅಗಸ್ಟೀನಿಯನ್ ಗುರುಗಳ ವಿಲನೋವಾ ವಿಶ್ವವಿದ್ಯಾಲಯದಲ್ಲಿ ಆಲ್ಫಾ ನ್ಯೂ ಎಂಬ ಹೆಸರಿನ ಶಾಖೆಗಳಿವೆ.

ಈ ಸಂಘಕ್ಕೆ ಬೇಕೆಂದವರೆಲ್ಲ ಸೇರಲಾಗದು. ಪದವಿ ತರಗತಿಯ ವಿದ್ಯಾರ್ಥಿಗಳಾದರೆ ಅಂಕಗಳಲ್ಲಿ ತರಗತಿಯ ಮೇಲಿನ ಶೇಕಡ 35ರೊಳಗೆ ಇರಬೇಕು. ಎಂದ ಮೇಲೆ ಇದು ಜಾಣರ ಕೂಟ. ಜಾಣರಿಗೆ ಪದಕ ಕೊಟ್ಟು ಕಳುಹಿಸಿದರೆ ಸಾಲದೇ, ಸಂಘವೇಕೆ ಎಂದು ಕೇಳಬಹುದು. ಶುಭಸಂದೇಶ ಇದಕ್ಕೆ ಉತ್ತರ ಹೇಳುತ್ತದೆ. ಹೆಚ್ಚು ಪಡೆದವನಿಂದ ಹೆಚ್ಚನ್ನೇ ಕೇಳಲಾಗುವುದೆಂದು ಯೇಸುಸ್ವಾಮಿ ಎಚ್ಚರಿಸಿದ್ದಾರೆ. ಧಣಿ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕ ಅದನ್ನು ಕದ್ದಿರಲಿಲ್ಲ, ಪೋಲು ಮಾಡಿರಲಿಲ್ಲ. ಆದರೂ ಅವನಿಗೆ ಶಿಕ್ಷೆ ತಪ್ಪಲಿಲ್ಲ, ಏಕೆಂದರೆ ಕೈಗೆ ಬಂದದ್ದು ಅವನಲ್ಲೇ ಉಳಿಯಿತು. ನಾವು ಪಡೆದ ಗೌರವ ನಾವು ತೀರಿಸಬೇಕಾದ ಸಾಲ. ರೋಗದ ಗುರುತು ತಿಳಿದವನು ತಿಳಿಯದವನಿಗೆ ಅದನ್ನು ಹೇಳಿದಾಗಲೇ ಆ ಸಾಲದ ಒಂದು ಕಂತು ತೀರುತ್ತದೆ.

ಕಾಲಕ್ಕೊಂದು ಸೇವೆ

ಇಂಥ ಶಾಖೆಗಳ ವರ್ಷದ ಕೆಲಸ ಋತುಗಳ ಜೊತೆ ಸಾಗುತ್ತದೆ. ನವೆಂಬರಿನ ಕೃತಜ್ಞತಾ ಹಬ್ಬ ಬಂತೆಂದರೆ ಬಡವರಿಗಾಗಿ ಆಹಾರ ಸಂಗ್ರಹ. ಚಳಿ ಹೆಚ್ಚಿದಾಗ ಕಾಲುಚೀಲ, ಕೈಗವಸು, ಕೋಟುಗಳ ಸಂಗ್ರಹ. ಕ್ರಿಸ್ಮಸ್ ಸಮಯದಲ್ಲಿ ಕಷ್ಟದಲ್ಲಿರುವ ಕುಟುಂಬಗಳ ಮಕ್ಕಳಿಗೆ ಉಡುಗೊರೆ. ಫೆಬ್ರವರಿಯಲ್ಲಿ ಕೆಂಪು ಉಡುಪು, ರಕ್ತದೊತ್ತಡ ತಪಾಸಣೆ, ಹೃದಯ ನಿಂತವರ ಎದೆಯೊತ್ತಿ ಜೀವ ಉಳಿಸುವ ವಿಧಾನದ ತರಬೇತಿ. ವಸಂತದಲ್ಲಿ ಹೊಸ ಸದಸ್ಯರ ಸ್ವೀಕಾರ.

ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಹಸಿದವನಿಗೆ ನವೆಂಬರಿನಲ್ಲಿ ಮಾತ್ರ ಹಸಿವೆಯೇ? ಕೆಂಪು ಬಟ್ಟೆ ತೊಟ್ಟು ಫೋಟೋ ತೆಗೆಸಿಕೊಂಡರೆ ಯಾರ ಹೃದಯ ಗುಣವಾಗುತ್ತದೆ? ಈ ಟೀಕೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ದಾನ ಮಾಡುವಾಗ ಬೀದಿಯಲ್ಲಿ ತುತ್ತೂರಿ ಊದಿಸಬಾರದೆಂದು ಯೇಸುಸ್ವಾಮಿ ಹೇಳಿದ್ದನ್ನು ನಾವು ಪ್ರತಿ ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಕೇಳುತ್ತೇವೆ.

ಆದರೆ ತುತ್ತೂರಿಗಳಲ್ಲಿ ಎರಡು ಬಗೆಯುಂಟು. ನನ್ನನ್ನು ನೋಡಿ ಎಂದು ಊದುವ ತುತ್ತೂರಿ ಒಂದು. ಬೆಂಕಿ ಬಿದ್ದಿದೆ ಎಂದು ಊದುವ ತುತ್ತೂರಿ ಇನ್ನೊಂದು. ದಾದಿಯರ ಪಾಲಕ ಸಂತ ಕಮಿಲ್ಲುಸ್ ತಮ್ಮ ಸಭೆಯವರ ಕರಿಯ ನಿಲುವಂಗಿಯ ಮೇಲೆ ದೊಡ್ಡ ಕೆಂಪು ಶಿಲುಬೆ ಧರಿಸಲು 1586ರಲ್ಲಿ ಜಗದ್ಗುರು ಐದನೇ ಸಿಕ್ಸ್ತುಸ್ ಅವರಿಂದ ಅನುಮತಿ ಪಡೆದರು. ಎಲ್ಲರ ಕಣ್ಣಿಗೂ ಬೀಳುವ ಆ ಗುರುತನ್ನು ತೊಟ್ಟವರು ಪ್ಲೇಗ್ ಬಡಿದವರ ಹಾಸಿಗೆಯ ಬಳಿಗೂ ಹೋದರು. ಆದ್ದರಿಂದ ಅದನ್ನು ಯಾರೂ ಆಡಂಬರವೆನ್ನಲಿಲ್ಲ. ಗುರುತು ನಿಜವೋ ಸುಳ್ಳೋ ಎಂಬುದನ್ನು ಅದರ ಹಿಂದಿನ ಕೆಲಸವೇ ಹೇಳುತ್ತದೆ. ಕೆಂಪು ಉಡುಪಿನ ಶುಕ್ರವಾರಕ್ಕೂ ಇದೇ ಒರೆಗಲ್ಲು. ಅಂದು ರಕ್ತದೊತ್ತಡ ಹೆಚ್ಚೆಂದು ತಿಳಿದ ವ್ಯಕ್ತಿಯನ್ನು ಮಾರ್ಚ್ ತಿಂಗಳಲ್ಲಿ ಯಾರಾದರೂ ವಿಚಾರಿಸಿದರೆ ಆ ಬಣ್ಣ ನಿಜ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಮರೆತರೆ ಅದು ಬರೀ ಬಟ್ಟೆ.

‘ನಾಳೆ’ ಎಂಬ ರೋಗ

ಕ್ಯಾಲೆಂಡರಿನ ಸೇವೆಯ ಪರವಾಗಿ ಹೇಳಬೇಕಾದ ಮುಖ್ಯ ಮಾತು ಇನ್ನೊಂದಿದೆ. ಮನುಷ್ಯ ಒಳ್ಳೆಯದನ್ನು ನಿರಾಕರಿಸುವುದಕ್ಕಿಂತ ಮುಂದೂಡುವುದೇ ಹೆಚ್ಚು. ಪಾಪನಿವೇದನೆ ಬೇಡವೆನ್ನುವವರು ಕಡಿಮೆ, ಬರುವ ವಾರ ಎನ್ನುವವರು ಬಹಳ. ಇದನ್ನು ಬಲ್ಲ ಧರ್ಮಸಭೆಯೆಂಬ ತಾಯಿ ಎಲ್ಲವನ್ನೂ ನಮ್ಮ ಮನಸ್ಸಿಗೆ ಬಿಟ್ಟುಬಿಡಲಿಲ್ಲ. ಪಶ್ಚಾತ್ತಾಪಕ್ಕೆ ತಪಸ್ಸುಕಾಲವನ್ನೂ ಕಾಯುವಿಕೆಗೆ ಆಗಮನಕಾಲವನ್ನೂ ಗೊತ್ತು ಮಾಡಿದಳು. ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕೆಂದು ವಿಧಿಸಿದಳು. ಉಳಿದ ದಿನಗಳಲ್ಲಿ ದೇವರನ್ನು ಮರೆಯಿರಿ ಎಂಬುದು ಇದರ ಅರ್ಥವಲ್ಲ. ದಿನ ಗೊತ್ತಿಲ್ಲದ ಒಳ್ಳೆಯ ಕೆಲಸ ‘ನಾಳೆ’ಯಲ್ಲೇ ಕಳೆದುಹೋಗುತ್ತದೆಂಬುದನ್ನು ಆಕೆ ಬಲ್ಲಳು. ನಾಳೆ ಎಂದವನ ಮನೆ ಹಾಳು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ದೇಹದ ವಿಷಯದಲ್ಲಿ ಈ ರೋಗ ಜೀವವನ್ನೇ ತೆಗೆಯುತ್ತದೆ. ಅಮೆರಿಕದ ಸಂಶೋಧಕ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು 1973ರಿಂದ 2001ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ವರದಿ ಪ್ರಕಟಿಸಿದರು. ಹೃದಯದ ಕಾರಣದಿಂದ ಆಗುವ ಸಾವುಗಳು ಕ್ರಿಸ್ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ ಏರುವುದನ್ನು ಅವರು ಕಂಡರು. ಚಳಿಯೊಂದರಿಂದಲೇ ಇದನ್ನು ವಿವರಿಸಲಾಗಲಿಲ್ಲ. ಹಬ್ಬದ ದಿನ ಜನ ಆಸ್ಪತ್ರೆಗೆ ಹೋಗುವುದನ್ನು ತಡಮಾಡುವುದೂ ಒಂದು ಕಾರಣವಿರಬಹುದೆಂದು ಅವರು ಸೂಚಿಸಿದರು. ಮನೆ ತುಂಬ ನೆಂಟರು, ಒಲೆಯ ಮೇಲೆ ಅಡುಗೆ, ಎದೆಯಲ್ಲೇನೋ ಬಿಗಿತ. ‘ಹಬ್ಬ ಮುಗಿಯಲಿ, ಆಮೇಲೆ ನೋಡೋಣ’. ಈ ಮಾತನ್ನು ಆಡಲು ಅಮೆರಿಕದಲ್ಲೇ ಇರಬೇಕೆಂದಿಲ್ಲ.

ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಕುಸಿದುಬೀಳುವ ಗಂಡಸಿನ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಅಮೆರಿಕದಲ್ಲಿ ಸಾಯುವ ಪ್ರತಿ ಐವರು ಹೆಂಗಸರಲ್ಲಿ ಸುಮಾರು ಒಬ್ಬರ ಸಾವಿಗೆ ಹೃದ್ರೋಗವೇ ಕಾರಣ. 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಹೃದಯದ ಬಗ್ಗೆ ಪ್ರಸಿದ್ಧ ಅಧ್ಯಯನವೊಂದು ಆರಂಭವಾಯಿತು. ಅದರಲ್ಲಿ ಸೇರಿಸಿಕೊಂಡ 5,209 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರೇ ಆಗಿದ್ದರು. ಹೀಗಿದ್ದೂ ಇದು ಗಂಡಸರ ಕಾಯಿಲೆ ಎಂಬ ಭಾವನೆ ದಶಕಗಟ್ಟಲೆ ಅಳಿಯಲಿಲ್ಲ. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಉಸಿರು ಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನಿನಲ್ಲಿ ನೋವು, ಕಾರಣವಿಲ್ಲದ ವಿಪರೀತ ಆಯಾಸ ಇವೂ ಅವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಇವನ್ನು ಗ್ಯಾಸ್ ಎಂದೋ ಕೆಲಸದ ದಣಿವು ಎಂದೋ ತಳ್ಳಿಹಾಕುವುದರಲ್ಲಿ ಹೊತ್ತು ಕಳೆಯುತ್ತದೆ.

ಒಮ್ಮೆ ಹೇಳಿದರೆ ಸಾಲದೇ, ಪ್ರತಿ ಫೆಬ್ರವರಿಯೂ ಏಕೆ ಎನ್ನುವವರಿಗೆ ಅಮೆರಿಕದ ಹೃದಯ ಸಂಘದ ಸಮೀಕ್ಷೆಗಳು ಉತ್ತರ ಕೊಡುತ್ತವೆ. ಹೆಂಗಸರ ಸಾವಿಗೆ ಹೃದ್ರೋಗವೇ ಮೊದಲ ಕಾರಣವೆಂಬುದು 1997ರಲ್ಲಿ ಅಲ್ಲಿನ ಶೇಕಡ 30ರಷ್ಟು ಹೆಂಗಸರಿಗೆ ಮಾತ್ರ ಗೊತ್ತಿತ್ತು. ವರ್ಷಗಳ ಪ್ರಚಾರದ ನಂತರ 2009ರಲ್ಲಿ ಈ ಪ್ರಮಾಣ ಶೇಕಡ 65ಕ್ಕೆ ಏರಿತು. 2019ರಲ್ಲಿ ಮತ್ತೆ ಶೇಕಡ 44ಕ್ಕೆ ಇಳಿದಿತ್ತು. ತಿಳಿವಳಿಕೆಯೂ ದೀಪದ ಎಣ್ಣೆಯಂತೆ. ಮತ್ತೆ ಮತ್ತೆ ಹೊಯ್ಯದಿದ್ದರೆ ಆರುತ್ತದೆ. ಉಪದೇಶಿಗೆ ಇದು ಹೊಸ ಸಂಗತಿಯಲ್ಲ. ಒಂದೇ ಶುಭಸಂದೇಶವನ್ನು ಧರ್ಮಸಭೆ ಎರಡು ಸಾವಿರ ವರ್ಷಗಳಿಂದ ಸಾರುತ್ತ ಬಂದಿಲ್ಲವೇ?

ತ್ಯಾಗವೋ, ಅಲಕ್ಷ್ಯವೋ?

ಇನ್ನು ನಮ್ಮ ಮನೆಗಳನ್ನೇ ನೇರವಾಗಿ ಮುಟ್ಟುವ ಪ್ರಶ್ನೆಗೆ ಬರೋಣ. ತನ್ನ ನೋವನ್ನು ಯಾರಿಗೂ ಹೇಳದ ತಾಯಿಯನ್ನು ನಾವು ಹೊಗಳುತ್ತೇವೆ. ಎಲ್ಲರೂ ಉಂಡ ಮೇಲೆ ಉಣ್ಣುವವಳು, ಜ್ವರದಲ್ಲೂ ಒಲೆ ಹಚ್ಚುವವಳು, ತನಗೆಂದು ಒಂದು ಮಾತ್ರೆಯನ್ನೂ ತರಿಸಿಕೊಳ್ಳದವಳು ನಮ್ಮ ಕಣ್ಣಿಗೆ ತ್ಯಾಗಮಯಿ. ತನ್ನ ಆರೋಗ್ಯದ ಬಗ್ಗೆ ಯೋಚಿಸುವವಳು ನಮಗೆ ಸ್ವಲ್ಪ ಸ್ವಾರ್ಥಿಯಂತೆ ಕಾಣುತ್ತಾಳೆ. ಇದು ಕ್ರೈಸ್ತ ದೃಷ್ಟಿಯೇ?

ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರನ್ನು ಇಲ್ಲಿ ಕೆಲವರು ನೆನೆಯಬಹುದು. ಇಟಲಿಯ ಈ ವೈದ್ಯೆ ಹುಟ್ಟಿದ್ದು ಆ ದಾದಿಯರ ಸಂಘ ಹುಟ್ಟಿದ 1922ರಲ್ಲೇ. 1961ರಲ್ಲಿ ಬಸಿರಿಯಾಗಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಮಗುವಿನ ಜೀವಕ್ಕೆ ಕುತ್ತು ತರುವ ಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. 1962ರ ಏಪ್ರಿಲಿನಲ್ಲಿ ಮಗುವಿಗೆ ಜನ್ಮವಿತ್ತು, ಒಂದು ವಾರದಲ್ಲಿ ಕಣ್ಣು ಮುಚ್ಚಿದರು. 2004ರಲ್ಲಿ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. ಹಾಗಾದರೆ ತನ್ನ ದೇಹವನ್ನು ಮರೆಯುವುದೇ ಪಾವಿತ್ರ್ಯವಲ್ಲವೇ?

ಜಿಯಾನ್ನಾ ಮಾಡಿದ್ದನ್ನು ಸರಿಯಾಗಿ ಗಮನಿಸೋಣ. ಅವರು ನೋವನ್ನು ಮುಚ್ಚಿಡಲಿಲ್ಲ. ತಪಾಸಣೆಗೆ ಹೋದರು, ಕಾಯಿಲೆಯೇನೆಂದು ತಿಳಿದರು, ಗಡ್ಡೆಯನ್ನು ಮಾತ್ರ ತೆಗೆಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಎದುರಿಗಿರುವ ಅಪಾಯವನ್ನು ಪೂರ್ತಿ ಬಲ್ಲವರಾಗಿ, ಒಂದು ಮಗುವಿನ ಜೀವಕ್ಕಾಗಿ ಅದನ್ನು ಸ್ವೀಕರಿಸಿದರು. ಅಲ್ಲಿ ತಿಳಿವಳಿಕೆಯಿತ್ತು, ಸ್ವಾತಂತ್ರ್ಯವಿತ್ತು, ಆ ತ್ಯಾಗದಿಂದ ಬದುಕಿದ ಒಂದು ಜೀವವಿತ್ತು. ಈ ಮೂರೂ ಇದ್ದಾಗ ಅದು ತ್ಯಾಗ. ಅಕ್ಕಿ ರುಬ್ಬುವ ಕೆಲಸ ಬಾಕಿಯಿದೆಯೆಂದು ಎದೆಯ ಬಿಗಿತವನ್ನು ಮೂರು ದಿನ ನುಂಗಿಕೊಂಡರೆ ಅದರಿಂದ ಯಾರು ಬದುಕುತ್ತಾರೆ? ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಅಂದಿನ ಬಿಸಿ ದೋಸೆ ಯಾವ ಸಮಾಧಾನ ಕೊಟ್ಟೀತು? ಅದನ್ನು ತ್ಯಾಗವೆಂದು ಕರೆದರೆ ತ್ಯಾಗಕ್ಕೇ ಅವಮಾನ. ಹಾಗೆಂದು ತಪ್ಪನ್ನೆಲ್ಲ ಅವಳ ಮೇಲೆ ಹೊರಿಸುವುದು ಅನ್ಯಾಯ. ಸುಮ್ಮನಿರುವುದೇ ಪುಣ್ಯವೆಂದು ಅವಳಿಗೆ ಕಲಿಸಿದವರು ನಾವೇ.

1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಹೊರಡಿಸಿದ ಕಥೋಲಿಕ ಧರ್ಮೋಪದೇಶ ಗ್ರಂಥ ಈ ವಿಷಯವನ್ನು ಐದನೆಯ ಆಜ್ಞೆಯ ವಿವರಣೆಯಲ್ಲಿ ಎತ್ತಿಕೊಂಡಿರುವುದು ಗಮನಾರ್ಹ. ಕೊಲ್ಲಬಾರದೆಂಬ ಆಜ್ಞೆ ಅದು. ಜೀವವೂ ಆರೋಗ್ಯವೂ ದೇವರು ನಮ್ಮ ವಶಕ್ಕೆ ಒಪ್ಪಿಸಿದ ವರಗಳು, ಇತರರ ಅಗತ್ಯವನ್ನೂ ಗಮನದಲ್ಲಿಟ್ಟು ಅವುಗಳನ್ನು ತಕ್ಕ ಮಟ್ಟಿಗೆ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ಬೋಧನೆ. ಅದರ ಬೆನ್ನಿಗೇ ಎಚ್ಚರಿಕೆಯೊಂದಿದೆ: ದೇಹವನ್ನೇ ದೇವರನ್ನಾಗಿ ಮಾಡಿಕೊಂಡು ಪೂಜಿಸಬಾರದು. ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವವನೂ ವೈದ್ಯರ ಬಾಗಿಲನ್ನೇ ತುಳಿಯದವನೂ ಒಂದೇ ಸತ್ಯವನ್ನು ಎರಡು ದಿಕ್ಕಿನಿಂದ ಮರೆತಿದ್ದಾರೆ. ಈ ದೇಹ ನನ್ನ ಸ್ವಂತ ಆಸ್ತಿಯಲ್ಲ. ಕೊಟ್ಟವನಿಗೆ ನಾನು ಲೆಕ್ಕ ಒಪ್ಪಿಸಬೇಕು.

ಮನೆಯವರ ಪಾಲು

ಹಾಗಾದರೆ ಲೆಕ್ಕ ಒಪ್ಪಿಸಬೇಕಾದವಳು ಅವಳೊಬ್ಬಳೇ ಏನು? ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಾಳೆ. ಅವಳು ತಾನಾಗಿ ಏನನ್ನೂ ಕೇಳಿಕೊಂಡಂತಿಲ್ಲ. ಯೇಸುಸ್ವಾಮಿ ಮನೆಗೆ ಬಂದೊಡನೆ ಮನೆಯವರೇ ಅವಳ ವಿಷಯವನ್ನು ಅವರಿಗೆ ತಿಳಿಸುತ್ತಾರೆ. ಯೇಸುಸ್ವಾಮಿ ಅವಳ ಕೈಹಿಡಿದು ಎಬ್ಬಿಸುತ್ತಾರೆ. ಉಪಚಾರಕ್ಕೆ ಅವಳು ನಿಂತದ್ದು ಅದಾದ ಮೇಲೆ. ಆ ಮನೆಗೆ ಅತಿಥಿಗಳು ಬಂದಿದ್ದರು, ಬಡಿಸುವ ಕೆಲಸವಿತ್ತು. ಆದರೂ ಮೊದಲು ಅವಳ ಜ್ವರದ ಮಾತು ಬಂತು, ಊಟದ ಮಾತು ಆಮೇಲೆ. ನಮ್ಮ ಮನೆಗಳಲ್ಲಿ ಈ ಕ್ರಮ ಉಲ್ಟಾ ಆಗಿದೆಯೇ ಎಂದು ಗಂಡಂದಿರೂ ಮಕ್ಕಳೂ ಕೇಳಿಕೊಳ್ಳಬೇಕು.

ಆ ಸಂಘದ ಹೆಸರಿನಲ್ಲಿ ಅಡಗಿರುವ ‘ಸ್ಟೋರ್ಗೆ’ ಎಂಬ ಗ್ರೀಕ್ ಪದ ವಿಶೇಷವಾಗಿ ಮನೆಯೊಳಗಿನ ಮಮತೆಯನ್ನು, ಹೆತ್ತವರು ಮಕ್ಕಳ ನಡುವಿನ ಅಕ್ಕರೆಯನ್ನು ಸೂಚಿಸುವಂಥದು. ದಾದಿ ಈ ಮಮತೆಯನ್ನು ಪರರಿಗೆ ತೋರಿಸುತ್ತಾಳೆ. ಸ್ವಂತ ಮನೆಯಲ್ಲಿ ನಾವು ಅದನ್ನು ತೋರಿಸಲು ವಿಶ್ವವಿದ್ಯಾಲಯದ ಗೌರವ ಬೇಕಾಗಿಲ್ಲ. ‘ಇವತ್ತೇಕೆ ಇಷ್ಟು ಸುಸ್ತು?’ ಎಂದು ಕೇಳುವ ಬಾಯಿ, ‘ಏನಿಲ್ಲ ಬಿಡು’ ಎಂಬ ಉತ್ತರಕ್ಕೆ ಸುಮ್ಮನಾಗದ ಮನಸ್ಸು, ಇಷ್ಟಿದ್ದರೆ ಸಾಕು.

ಇದಕ್ಕೆ ನಮ್ಮಲ್ಲಿ ಹೊಸ ದಿನವನ್ನು ಹುಡುಕಬೇಕಾಗಿಲ್ಲ, ಮೊದಲ ಶುಕ್ರವಾರ ಇದ್ದೇ ಇದೆ. ಅಂದು ಬಲಿಪೂಜೆಗೆ ಹೋಗುವ ಕುಟುಂಬ, ಅದೇ ದಿನ ಮನೆಯ ನಲವತ್ತು ದಾಟಿದವರ ರಕ್ತದೊತ್ತಡ ನೋಡಿಸುವ ರೂಢಿ ಮಾಡಿಕೊಳ್ಳಬಾರದೇಕೆ? ಐದು ನಿಮಿಷದ ಕೆಲಸ. 120/80ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ. ಪದೇ ಪದೇ 140/90 ಮುಟ್ಟಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ದಿನಕ್ಕೆ ಒಬ್ಬರಿಗೆ ಉಪ್ಪು ಐದು ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಂದರೆ ಒಂದು ಚಿಕ್ಕ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿರುವುದೂ ಈ ಲೆಕ್ಕದಲ್ಲೇ ಸೇರುತ್ತದೆ. ತಪಸ್ಸುಕಾಲದಲ್ಲಿ ಮಾಂಸ ಬಿಡುವ ನಾವು ಉಪ್ಪನ್ನೂ ಸ್ವಲ್ಪ ಬಿಡಬಹುದು. ಧರ್ಮಕೇಂದ್ರದಲ್ಲಿ ದಾದಿಯರಾಗಿ ದುಡಿಯುವ ಅಥವಾ ನಿವೃತ್ತರಾದ ಸೋದರಿಯರಿದ್ದರೆ, ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಒಂದು ಮೇಜು ಹಾಕಿಕೊಡುವುದು ಧರ್ಮಗುರುಗಳಿಗೆ ಕಷ್ಟವಾಗಲಾರದು. ಒತ್ತಡ ಹೆಚ್ಚಿದ್ದವರ ಹೆಸರನ್ನು ಬರೆದಿಟ್ಟುಕೊಂಡು ಮುಂದಿನ ತಿಂಗಳು ಅವರನ್ನು ವಿಚಾರಿಸಬೇಕು. ಎದೆ ಬಿಗಿದು ಉಸಿರು ಕಟ್ಟುವಂತಾದರೆ ಮಾತ್ರ ಯಾವ ಶುಕ್ರವಾರಕ್ಕೂ ಕಾಯಬಾರದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

2018 ಮತ್ತು 2024ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 14ರಂದೇ ಬಂದಿತ್ತು. ಅಮೆರಿಕದ ಅಂಗಡಿಗಳಲ್ಲಿ ಪ್ರೇಮಿಗಳ ಕೆಂಪು ಹೃದಯಗಳು ತೂಗುತ್ತಿದ್ದ ದಿನವೇ ಭಕ್ತರು ಹಣೆಗೆ ಬೂದಿ ಹಚ್ಚಿಸಿಕೊಂಡು, ತಾವು ಮಣ್ಣಿಗೆ ಮರಳುವವರೆಂಬುದನ್ನು ನೆನೆದರು. ಇವೆರಡೂ ಒಂದೇ ದಿನದಲ್ಲಿ ಕೂಡಿದ್ದು ವಿಚಿತ್ರವಲ್ಲ. ನಾವು ಪ್ರೀತಿಸುವವರೆಲ್ಲ ಮಣ್ಣಿನವರೇ. ಅವರನ್ನು ನಮಗೆ ಕೊಟ್ಟಿರುವುದು ಎಣಿಕೆಯ ದಿನಗಳಿಗೆ ಮಾತ್ರ. ಆದ್ದರಿಂದ ಪ್ರೀತಿಗೆ ದಿನ ಗೊತ್ತು ಮಾಡುವುದರಲ್ಲಿ ಕೃತಕತೆಯೇನೂ ಇಲ್ಲ. ಬರುವ ಮೊದಲ ಶುಕ್ರವಾರ ಪವಿತ್ರ ಹೃದಯದ ಚಿತ್ರದ ಮುಂದೆ ದೀಪ ಹಚ್ಚುವಾಗ, ನಿತ್ಯ ಆ ದೀಪ ಹಚ್ಚುವ ಕೈಯನ್ನೊಮ್ಮೆ ಹಿಡಿದು ‘ಹೇಗಿದ್ದೀಯ?’ ಎಂದು ಕೇಳೋಣ. ಉತ್ತರ ಬರುವವರೆಗೆ ಕೈ ಬಿಡದಿರೋಣ.